ಹುಳ ಸಾಯಿಸ್ಬೇಡಿ, ಊಟ ಹಾಕಿ

ನಮಸ್ಕಾರ. ಹೋದ ವಾರ ನಲ್ಲಿ ನೀರಿನ ಮಣ್ಣು ವಾಸನೆ ಬಗ್ಗೆ ವಿಡಿಯೋ ಹಾಕಿದ್ದೆ. ವಾಸನೆ ಹೋಗ್ಬೇಕಂದ್ರೆ ಊರಿಗೆ ನೀರು ಶುದ್ಧ ಮಾಡೋ ಘಟಕದ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ, ಅಂದ್ರೆ ಕಣ್ಣಿಗೆ ಕಾಣದ ಹುಳ, ಸಾಕ್ಬೇಕು ಅಂದಿದ್ದೆ. ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಅಣ್ಣಾ, ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ಸಾಕ್ಬೇಕಾ? ತಲೆ ಸರಿ ಇದ್ಯಾ?" ಸರಿ ಇದೆ ಸ್ವಾಮಿ. ಬೆಳಿಗ್ಗೆ ನೀವು ತಿಂದ ಇಡ್ಲಿ ಹಿಟ್ಟು ಉಬ್ಬಿಸಿದ್ದು ಯಾರು, ನಿಮ್ಮ ಮಾವನಾ?

ಆ ವಾಸನೆ ಹೆಸರು ಜಿಯೋಸ್ಮಿನ್. ಕೆರೆ, ಜಲಾಶಯದ ನೀಲಿ-ಹಸಿರು ಪಾಚಿ ಬಿಡೋದು. ಮೊದಲ ಮಳೆಗೆ "ಆಹಾ" ಅಂತ ಮೂಗು ಅರಳಿಸ್ತೀವಲ್ಲ, ಅದೇ. ಬೀಟ್‌ರೂಟ್ ವಾಸನೆಯೂ ಅದೇ. ಲೋಟಕ್ಕೆ ಬಂದ್ರೆ ಮಾತ್ರ "ಥೂ". ಜಪಾನಿನವರು ಇದಕ್ಕೆ ಹಾಕಿರೋ ಮಿತಿ ಲೀಟರಿಗೆ 10 ನ್ಯಾನೋಗ್ರಾಂ. ಅಂದ್ರೆ 10 ಕೋಟಿ ಲೀಟರಿಗೆ 1 ಗ್ರಾಂ. 12,000 ಲೀಟರಿನ ಟ್ಯಾಂಕರ್‌ಗಳನ್ನ ಎಂಟು ಸಾವಿರಕ್ಕೂ ಹೆಚ್ಚು ಸಾಲಾಗಿ ನಿಲ್ಲಿಸಿ, ಎಲ್ಲಕ್ಕೂ ಸೇರಿ ಒಂದು ಚಿಟಿಕೆ! ಅಷ್ಟು ಸಾಕು ನಮ್ಮ ಮೂಗಿಗೆ.

"ಕ್ಲೋರಿನ್ ಜಾಸ್ತಿ ಹಾಕಿ" ಅಂತೀರಿ. ಅದಕ್ಕೆ ಜಿಯೋಸ್ಮಿನ್ ಜಗ್ಗಲ್ಲ. ಪಾಚಿ ಇರುವಾಗಲೇ ಕ್ಲೋರಿನ್ ಸುರಿದ್ರೆ ಅದರ ಜೀವಕೋಶ ಒಡೆದು, ಒಳಗಿದ್ದ ವಾಸನೆಯೂ ನೀರಿಗೇ. ಇದನ್ನ ತಿಂದು ಮುಗಿಸೋದು ಬ್ಯಾಕ್ಟೀರಿಯಾ. ಮರಳು, ಇದ್ದಿಲಿನ ಕಾಳಿನ ಮೇಲೆ ತೆಳ್ಳಗೆ ಲೋಳೆ ಕಟ್ಕೊಂಡು ಕೂತಿರುತ್ತೆ. ನೀರು ನಿಧಾನಕ್ಕೆ ಇಳೀತಿದ್ದ ಹಾಗೆ ಬಾಯಿ ಹಾಕುತ್ತೆ. ಅದಕ್ಕೇ ಹೇಳೋದು, ಸಾಯಿಸ್ಬೇಡಿ, ಊಟ ಹಾಕಿ.

1829ರಲ್ಲಿ ಲಂಡನ್‌ನಲ್ಲಿ ಜೇಮ್ಸ್ ಸಿಂಪ್ಸನ್ ಮರಳಿನ ಫಿಲ್ಟರ್ ಕಟ್ಟಿದಾಗ ಒಳಗೆ ಇಂಥಾ ಅಡುಗೆಭಟ್ಟರು ಇದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಟೋಕಿಯೋದವರು ಕನಮಾಚಿ ಅನ್ನೋ ನೀರು ಶುದ್ಧೀಕರಣ ಘಟಕದಲ್ಲಿ ಇದೇ ವಾಸನೆ ತಡೀಲಾರದೆ, ಮೊದಲು ಓಝೋನ್ ಅನಿಲ, ಆಮೇಲೆ ಬ್ಯಾಕ್ಟೀರಿಯಾ ಕೂತ ಇದ್ದಿಲು, ಅಂತ 1992ರಲ್ಲಿ ಶುರು ಮಾಡಿದ್ರು. ಕೊನೇಲಿ ಕ್ಲೋರಿನ್ ಹಾಕ್ತಾರೆ, ಹಾಕ್ಲೇಬೇಕು. ಆದ್ರೆ ಫಿಲ್ಟರ್‌ಗೂ ಮೊದಲೇ ಸುರಿದು ಭಟ್ಟರನ್ನ ಕೊಲ್ಲೋದು, ಫಿಲ್ಟರ್ ತೊಳೆಯೋಕೂ ಕ್ಲೋರಿನ್ ನೀರೇ ಬಿಡೋದು, ಇದ್ಯಾವ ಜಾಣತನ? ಸಾಯಿಸ್ಬೇಡಿ ಅಂದ್ನಲ್ಲಾ!

(ಸಬ್‌ಸ್ಕ್ರೈಬ್ ಮಾಡಿ. ಬೈಯೋಕೆ ಬಂದೋರೂ ಮಾಡಿ, ಮುಂದಿನ ಸಲ ಬೈಯೋಕೆ ಸುಲಭ.)

"ಬ್ಯಾಕ್ಟೀರಿಯಾ ಬೆಳೆಯೋಕೆ ವಾರಗಟ್ಟಲೆ ಬೇಕು" ಅಂತ ಇನ್ನೊಬ್ಬರು. ಹೌದು, ಹೆಪ್ಪು ಹಾಕಿದ ತಕ್ಷಣ ಮೊಸರಾಗುತ್ತಾ? "ಚಳಿಗಾಲದಲ್ಲಿ ಮಂಕಾಗುತ್ತೆ" ಅಂತ ಮತ್ತೊಬ್ಬರು. ನೀವೂ ಚಳಿಗೆ ಕಂಬಳಿ ಬಿಟ್ಟು ಏಳಲ್ಲ, ಹಾಗಂತ ನಿಮ್ಮನ್ನ ಮನೆಯಿಂದ ಆಚೆ ಹಾಕಿದ್ರಾ?

"ಮನೇಲಿ ಆರ್‌ಓ ಇದೆ, ನಮಗ್ಯಾಕೆ?" ಇರಲಿ ಬಿಡಿ. ಒಂದು ಬಿಂದಿಗೆ ಕುಡಿಯೋಕೆ ಎರಡು ಬಿಂದಿಗೆ ಮೋರಿಗೆ ಬಿಡಿ. ಪಾಪ, ಆ ಹುಳ ಕರೆಂಟ್ ಕೇಳಲ್ಲ, ಸಂಬಳ ಕೇಳಲ್ಲ, ಕಾಮೆಂಟ್ ಅಂತೂ ಹಾಕಲ್ಲ!

ನಮ್ಮಮ್ಮ ಆಚೆಯಿಂದ "ಯಾರ ಮೇಲೋ ಕೂಗಾಡ್ತೀಯಾ?" ಅಂತಿದ್ದಾರೆ. ಫಿಲ್ಟರ್ ಬಗ್ಗೆ ಅಮ್ಮಾ! ಮಹಾನುಭಾವರೇ, ಮಧ್ಯಾಹ್ನ ಮೊಸರನ್ನ ಕಲಸ್ಕೊಂಡು, ಕೈ ತೊಳ್ಕೊಂಡು, ಆಮೇಲೆ ಟೈಪ್ ಮಾಡಿ. ನಿಮ್ಮ ಕಾಮೆಂಟ್ ಪಿನ್ ಮಾಡಿದೀನಿ.