ದೆವ್ವದ ಮನೆಯ ಕಾದಂಬರಿ: ಒಬ್ಬರಿಗೆ ನಿದ್ದೆ ಬರಲ್ಲ, ಇನ್ನೊಬ್ಬರಿಗೆ ಓದ್ತಾ ಓದ್ತಾನೇ ನಿದ್ದೆ

ನಮಸ್ಕಾರ. ಇವತ್ತಿನ ಪ್ರಶ್ನೆ ನಿಮ್ಮಲ್ಲೇ ಹಲವರು ಕೇಳಿದ್ದು, ನನ್ನನ್ನೂ ಬಹಳ ದಿನದಿಂದ ಕಾಡ್ತಿರೋದು.

ದೆವ್ವದ ಮನೆಯ ಯಾವುದಾದರೂ ಹೆಸರಾಂತ ಕಾದಂಬರಿ ತಗೊಳ್ಳಿ. ಓದಿದವರು ಏನು ಬರೆದಿದ್ದಾರೆ ಅಂತ ನೋಡ್ತಾ ಹೋಗಿ. ಒಬ್ಬರು, ರಾತ್ರಿ ದೀಪ ಆರಿಸೋಕೆ ಧೈರ್ಯ ಬರಲಿಲ್ಲ ಅಂತಾರೆ. ಐದು ಸ್ಟಾರ್. ಅದರ ಕೆಳಗೇ ಇನ್ನೊಬ್ಬರು, ಪೂರ್ತಿ ಓದಿದೆ, ಏನೂ ಆಗಲೇ ಇಲ್ಲ ಅಂತಾರೆ. ಒಂದು ಸ್ಟಾರ್. ಇಬ್ಬರೂ ಓದಿರೋದು ಅದೇ ಪುಸ್ತಕ, ಅವೇ ಪುಟಗಳು. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ಆಗ್ತಿರೋದೇನು?

ಮೊದಲೇ ಹೇಳಿಬಿಡ್ತೀನಿ, ಈ ವಿಡಿಯೋದಲ್ಲಿ ಕೆಲವು ಕಾದಂಬರಿಗಳ ಗುಟ್ಟು ರಟ್ಟಾಗುತ್ತೆ. ಗುಟ್ಟು ಬಿಟ್ಟು ಈ ವಿಷಯ ಮಾತಾಡೋಕೆ ಆಗಲ್ಲ.

ಇತಿಹಾಸ ಬೇಗ ಮುಗಿಸೋಣ. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'ದಲ್ಲಿ ಮದುವೆ ದಿನವೇ ದೈತ್ಯಾಕಾರದ ಶಿರಸ್ತ್ರಾಣ ಬಿದ್ದು ಮದುಮಗ ಸಾಯ್ತಾನೆ. 1839ರಲ್ಲಿ ಎಡ್ಗರ್ ಅಲನ್ ಪೋ ಬರೆದ ಕಥೆಯಲ್ಲಿ ವಂಶದ ಜೊತೆಗೇ ಮನೆಯೂ ಕುಸಿದು ಕೆರೆ ಸೇರುತ್ತೆ. 1898ರಲ್ಲಿ ಹೆನ್ರಿ ಜೇಮ್ಸ್, 1959ರಲ್ಲಿ ಶರ್ಲಿ ಜಾಕ್ಸನ್. ಇವರಿಬ್ಬರ ಹತ್ತಿರ ಆಮೇಲೆ ಬರೋಣ. ಅದಕ್ಕೂ ಮೊದಲು ಒಂದು ಕಪ್ಪು ಪರದೆಯ ಕಥೆ ಹೇಳಬೇಕು. ಈ ವಿಡಿಯೋ ಮಾಡೋ ಮನಸ್ಸಾಗಿದ್ದೇ ಅದರಿಂದ.

[ಪರದೆಯ ಮೇಲೆ: 1794]

ಆ್ಯನ್ ರ್‍ಯಾಡ್‌ಕ್ಲಿಫ್ ಅವರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೋ' ನಾಲ್ಕು ಸಂಪುಟಗಳ ಕಾದಂಬರಿ. ಎಮಿಲಿ ಅನ್ನೋ ಅನಾಥ ಹುಡುಗಿ ಇಟಲಿಯ ಬೆಟ್ಟಗಳ ನಡುವಿನ ಒಂದು ಹಳೇ ಕೋಟೆಯಲ್ಲಿ ಸಿಕ್ಕಿಹಾಕ್ಕೊಂಡಿದ್ದಾಳೆ. ಹಿಂದೆ ಆ ಕೋಟೆಯ ಒಡತಿಯಾಗಿದ್ದ ಲಾರೆಂಟೀನಿ ಅನ್ನೋ ಹೆಂಗಸು ಇದ್ದಕ್ಕಿದ್ದ ಹಾಗೆ ಕಾಣೆಯಾಗಿರ್ತಾಳೆ. ಒಂದು ಕೋಣೆಯಲ್ಲಿ ಗೋಡೆಗೆ ಕಪ್ಪು ಪರದೆ ಇಳಿಬಿಟ್ಟಿದ್ದಾರೆ, ಆಳುಗಳು ಅದರ ಸುದ್ದಿ ಎತ್ತಿದ್ರೇನೇ ನಡುಗ್ತಾರೆ. ಎಮಿಲಿ ಒಬ್ಬಳೇ ಹೋಗಿ ಪರದೆ ಎತ್ತಿ ನೋಡ್ತಾಳೆ, ಪ್ರಜ್ಞೆ ತಪ್ಪಿ ಬೀಳ್ತಾಳೆ.

ಏನು ಕಂಡಳು? ರ್‍ಯಾಡ್‌ಕ್ಲಿಫ್ ಹೇಳಲ್ಲ! ಎಮಿಲಿಗೆ ಗೊತ್ತು, ಲೇಖಕಿಗೆ ಗೊತ್ತು, ನಮಗೆ ಮಾತ್ರ ಗೊತ್ತಿಲ್ಲ. ಇದು ಎರಡನೇ ಸಂಪುಟದ ಮಾತು. ಕೋಟೆಯಿಂದ ತಪ್ಪಿಸ್ಕೊಂಡಿದ್ದಾಯ್ತು, ಹೊಸ ಊರು, ಹೊಸ ಪಾತ್ರಗಳು ಬಂದಾಯ್ತು, ಪರದೆಯ ಸುದ್ದಿ ಆಗಾಗ ಬರುತ್ತೆ, ಉತ್ತರ ಬರಲ್ಲ. ಕೊನೆಗೆ ನಾಲ್ಕನೇ ಸಂಪುಟ ಮುಗಿಯೋ ಹೊತ್ತಿಗೆ ಹೇಳ್ತಾರೆ. ಅದು ಮೇಣದ ಗೊಂಬೆ. ಕೊಳೀತಿರೋ ಹೆಣದ ಹಾಗೆ, ಮುಖಕ್ಕೆ ಹುಳ ಹತ್ತಿದ ಹಾಗೆ ಮಾಡಿಸಿದ ಗೊಂಬೆ. ಆ ವಂಶದ ಹಿರಿಯನೊಬ್ಬನಿಗೆ ಚರ್ಚು ಪ್ರಾಯಶ್ಚಿತ್ತ ವಿಧಿಸಿತ್ತು, ಅದನ್ನ ದಿನಾ ಎದುರಿಗೆ ಕೂತು ನೋಡಬೇಕು ಅಂತ. ಎಮಿಲಿ ಇನ್ನೊಂದು ಸಲ ನೋಡಿದ್ದಿದ್ರೆ ಅದು ಗೊಂಬೆ ಅಂತ ತಿಳೀತಿತ್ತು. ಒಂದೇ ಸಲ ನೋಡಿ, ಕೊಲೆಯಾದ ಲಾರೆಂಟೀನಿಯ ಹೆಣ ಅಂದ್ಕೊಂಡು, ಅಷ್ಟೂ ದಿನ ಆ ಭಯ ಹೊತ್ತು ತಿರುಗಿದಳು.

ಈಗ ಓದುಗರ ಕಡೆ ಬನ್ನಿ. ಆವತ್ತಿನ ಓದುಗರೂ ನಮ್ಮ ಹಾಗೇ ಎರಡು ಪಾಲಾದರು. ಜೇನ್ ಆಸ್ಟೆನ್ ಅವರ 'ನಾರ್ತಾಂಗರ್ ಆ್ಯಬಿ'ಯ ನಾಯಕಿ ಕ್ಯಾಥರೀನ್ ಇದೇ ಪುಸ್ತಕ ಓದ್ತಾ, ಪರದೆಯವರೆಗೆ ಬಂದು ನಿಂತಿರ್ತಾಳೆ. ಹಿಂದೆ ಏನಿದೆ ಅಂತ ದಯವಿಟ್ಟು ಹೇಳಬೇಡ, ಅದು ಲಾರೆಂಟೀನಿಯ ಅಸ್ಥಿಪಂಜರವೇ ಇರಬೇಕು ಅಂತ ಗೆಳತಿಗೆ ಹೇಳ್ತಾಳೆ. ಬಾಳೆಲ್ಲಾ ಅದನ್ನೇ ಓದ್ತಾ ಕೂತಿರಬಲ್ಲೆ ಅಂತಾಳೆ. ಇನ್ನೊಂದು ಕಡೆ ಕಾದಂಬರಿಕಾರ ವಾಲ್ಟರ್ ಸ್ಕಾಟ್. ರ್‍ಯಾಡ್‌ಕ್ಲಿಫ್ ಅವರನ್ನ ಮನಸಾರೆ ಮೆಚ್ಚಿದವರೇ. ಆದರೂ ಅವರ ದೂರು ಏನು ಅಂದ್ರೆ, ಅಷ್ಟು ದೊಡ್ಡ ಭಯ ಎಬ್ಬಿಸಿ ಕೊನೆಗೆ ಇಷ್ಟು ಸಣ್ಣ ಕಾರಣ ಕೊಟ್ರೆ ಓದುಗನಿಗೆ ನಿರಾಸೆ ಆಗುತ್ತೆ ಅಂತ. ಇವತ್ತು ಓದುಗರ ಅಭಿಪ್ರಾಯಗಳಲ್ಲಿ, ವಾತಾವರಣ ಅದ್ಭುತ, ಕೊನೆ ಸಪ್ಪೆ ಅಂತ ಕಾಣೋ ಸಾಲು ಇದೆಯಲ್ಲ, ಅದಕ್ಕೆ ಎರಡು ಶತಮಾನದ ವಯಸ್ಸಾಗಿದೆ.

ಪರದೆಯ ಬಗ್ಗೆ ಇಷ್ಟು ಹೊತ್ತು ಮಾತಾಡೋಕೆ ಕಾರಣ ಇದೆ. ಇಂಥ ಕಾದಂಬರಿ ಬರೆಯೋರು ಓದುಗನ ಹತ್ತಿರ ಸಾಲ ಮಾಡ್ತಾರೆ. ಪರದೆ, ಬೀಗ ಹಾಕಿದ ಕೋಣೆ, ಮಹಡಿ ಮೇಲಿನ ಹೆಜ್ಜೆ ಸದ್ದು, ಒಂದೊಂದೂ ಒಂದೊಂದು ಕೈಗಡ. ಕೆಲವು ಓದುಗರಿಗೆ ಅದು ಬಡ್ಡಿ ಸಮೇತ ವಾಪಸ್ ಬರಬೇಕು. ಅದರಲ್ಲಿ ತಪ್ಪೇನೂ ಇಲ್ಲ, ಕೊಟ್ಟವರು ಕೇಳ್ತಾರೆ. ಇನ್ನು ಕೆಲವರಿಗೆ ಕಾಯೋದರಲ್ಲೇ ಸುಖ. ರ್‍ಯಾಡ್‌ಕ್ಲಿಫ್‌ಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅವರು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಒಂದು ಬರಹದಲ್ಲಿ ಭಯವನ್ನ ಎರಡಾಗಿ ಬಿಡಿಸಿ ಇಡ್ತಾರೆ. ಒಂದು, ಇನ್ನೂ ಕಾಣದೇ ಇರೋದರ ಭಯ. ಅದು ಮನಸ್ಸನ್ನ ಹಿಗ್ಗಿಸಿ ಎಲ್ಲ ಇಂದ್ರಿಯಗಳನ್ನೂ ಚುರುಕು ಮಾಡುತ್ತೆ. ಇನ್ನೊಂದು, ಕಣ್ಣೆದುರಿಗೇ ಬಂದು ನಿಂತದ್ದರ ಭಯ. ಅದು ಮನಸ್ಸನ್ನ ಕುಗ್ಗಿಸಿ ಮರಗಟ್ಟಿಸುತ್ತೆ. ಐದು ಸ್ಟಾರ್ ಕೊಡೋರು ಮೊದಲನೇದಕ್ಕೆ ಬಂದವರು. ಒಂದು ಸ್ಟಾರ್ ಕೊಟ್ಟವರಲ್ಲಿ ಬಹಳ ಜನ ಎರಡನೇದಕ್ಕೆ ಕಾದು ಕೂತವರು.

ಒಂದು ನಿಜ ಘಟನೆ ಇಲ್ಲಿ ಹೇಳಲೇಬೇಕು. 1921ರಲ್ಲಿ ವಿಲಿಯಂ ವಿಲ್ಮರ್ ಅನ್ನೋ ಅಮೆರಿಕದ ಕಣ್ಣಿನ ವೈದ್ಯರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಅನುಭವ ದಾಖಲಿಸಿದರು. ಹಳೇ ದೊಡ್ಡ ಮನೆಗೆ ಬಂದ ಮೇಲೆ ಎಲ್ಲರಿಗೂ ತಲೆನೋವು, ಸುಸ್ತು. ಯಾರೂ ಇಲ್ಲದ ಕಡೆ ಹೆಜ್ಜೆ ಸದ್ದು, ರಾತ್ರಿ ಕಾಣಿಸ್ಕೊಳ್ಳೋ ಆಕೃತಿಗಳು. ಮಕ್ಕಳು ಬಿಳಿಚಿಕೊಂಡರು, ಗಿಡಗಳು ಬಾಡಿದವು. ಪರೀಕ್ಷೆ ಮಾಡಿಸಿದ್ರೆ, ಮನೆ ಬಿಸಿ ಮಾಡೋ ಕುಲುಮೆ ಕೆಟ್ಟು, ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬ್ಕೊಳ್ತಿತ್ತು. ಕುಲುಮೆ ಸರಿಯಾಯ್ತು, ದೆವ್ವವೂ ಹೋಯ್ತು. ಆ ಕುಟುಂಬಕ್ಕೆ ಇದಕ್ಕಿಂತ ಒಳ್ಳೇ ಸುದ್ದಿ ಬೇಕಾ? ಆದರೆ ಇದೇ ಕಥೆಯನ್ನ ಕಾದಂಬರಿ ಮಾಡಿ, ಕೊನೇ ಪುಟದಲ್ಲಿ ಕುಲುಮೆ ರಿಪೇರಿಯವನನ್ನ ಕರೆಸಿದ್ರೆ ಓದುಗರು ಪುಸ್ತಕ ಎಸೀತಾರೆ. ಬದುಕಿನಲ್ಲಿ ನೆಮ್ಮದಿ ಕೊಡೋ ಉತ್ತರ ಪುಸ್ತಕದಲ್ಲಿ ಮೋಸ ಅನ್ಸುತ್ತೆ.

ಹಾಗಾದ್ರೆ ಉತ್ತರವನ್ನೇ ಕೊಡದಿದ್ರೆ? ಹೆನ್ರಿ ಜೇಮ್ಸ್ 'ದಿ ಟರ್ನ್ ಆಫ್ ದಿ ಸ್ಕ್ರೂ'ನಲ್ಲಿ ಮಾಡಿದ್ದು ಅದನ್ನೇ. ದೂರದ ಒಂದು ಬಂಗಲೆ, ಇಬ್ಬರು ಮಕ್ಕಳು, ಅವರನ್ನ ನೋಡ್ಕೊಳ್ಳೋಕೆ ಬಂದ ಯುವತಿ. ಅವಳಿಗೆ ಸತ್ತವರು ಕಾಣ್ತಾರೆ. 1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್, ದೆವ್ವ ಇರೋದು ಅವಳ ತಲೆಯಲ್ಲಿ ಅಂತ ವಾದಿಸಿದರು. ಅದಕ್ಕೆ ಬಲವಾದ ಸಾಕ್ಷಿಯೂ ಇದೆ. ಕೆರೆ ದಡದಲ್ಲಿ ಅವಳು, ಅಲ್ನೋಡಿ, ಸತ್ತವಳು ನಿಂತಿದ್ದಾಳೆ ಅಂತ ಕೈ ತೋರಿಸಿದಾಗ, ಪಕ್ಕದಲ್ಲೇ ಇರೋ ಮನೆವಾರ್ತೆಯ ಹೆಂಗಸಿಗೆ ಏನೂ ಕಾಣಲ್ಲ. ಆದರೆ ಇದೇ ಹೆಂಗಸು ಇನ್ನೊಂದು ಕಡೆ ತದ್ವಿರುದ್ಧ ಸಾಕ್ಷಿ ಹೇಳಿರ್ತಾಳೆ. ತಾನು ಕಂಡ ಗಂಡಸು ಹೇಗಿದ್ದ ಅಂತ ಯುವತಿ ವಿವರಿಸ್ತಾಳೆ, ಕೆಂಪು ಕೂದಲು, ತಲೆಗೆ ಟೋಪಿ ಇಲ್ಲ. ಕೇಳ್ತಾ ಕೇಳ್ತಾ ಈಕೆ ಬೆಚ್ಚಿ, ಅದು ಸತ್ತುಹೋದ ಆಳು ಕ್ವಿಂಟ್ ಅಂತ ಗುರುತು ಹಿಡೀತಾಳೆ. ಯುವತಿ ಆ ಮನುಷ್ಯನನ್ನ ಬದುಕಿದ್ದಾಗ ನೋಡೇ ಇಲ್ಲ! ಯಾವ ಕಡೆ ನಿಂತರೂ ಒಂದು ಸಾಕ್ಷಿ ಕಾಲಿಗೆ ತೊಡರುತ್ತೆ. ಜೇಮ್ಸ್ ಬರೀದೆ ಜಾರಿಕೊಂಡಿದ್ದಲ್ಲ, ಎರಡೂ ಕಡೆ ತೂಕ ಸಮ ಮಾಡಿ ಇಟ್ಟಿದ್ದಾರೆ. ಕೊನೆ ಬಿಟ್ಟುಬಿಡೋದಕ್ಕೂ ಹೀಗೆ ಮಾಡೋದಕ್ಕೂ ಅಜಗಜಾಂತರ. ಇವತ್ತಿನ ಎಷ್ಟೋ ಸೈಕಲಾಜಿಕಲ್ ಹಾರರ್ ಕಾದಂಬರಿಗಳು ಈ ಶ್ರಮ ಪಡದೆ, ನಿಮಗೆ ಬಿಟ್ಟಿದ್ದು ಅಂತ ಕೈ ತೊಳ್ಕೊಳ್ತವೆ. ಅಲ್ಲಿ ಒಂದು ಸ್ಟಾರ್ ಕೊಡೋರ ಸಿಟ್ಟು ನ್ಯಾಯವೇ.

ಈಗ ಶರ್ಲಿ ಜಾಕ್ಸನ್, 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್'. ಏನೂ ಆಗಲ್ಲ ಅನ್ನೋ ದೂರು ಹೆಚ್ಚು ಕೇಳಿಬರೋ ಪುಸ್ತಕಗಳಲ್ಲಿ ಇದೂ ಒಂದು. ಆ ಮನೆಯಲ್ಲಿ ಒಂದು ಮೂಲೆಯೂ ನೆಟ್ಟಗಿಲ್ಲ. ಎಲ್ಲ ಕೋನವೂ ಕೂದಲೆಳೆಯಷ್ಟು ತಪ್ಪು, ಅವೆಲ್ಲ ಸೇರಿ ಇಡೀ ಮನೆಯೇ ಓರೆ. ಬಾಗಿಲುಗಳು ತಾವೇ ಮುಚ್ಚಿಕೊಳ್ಳೋದು ಅದಕ್ಕೇ ಅಂತ, ದೆವ್ವ ಇದೆಯಾ ಅಂತ ಪರೀಕ್ಷೆ ಮಾಡೋಕೆ ಬಂದಿರೋ ವಿದ್ವಾಂಸ ಮಾಂಟೆಗ್ಯೂ ವಿವರಿಸ್ತಾರೆ. ಗಮನಿಸಿ, ಕಾರಣ ಕೊಟ್ಟ ಮೇಲೂ ಭಯ ಕಮ್ಮಿ ಆಗಲ್ಲ. ಕಟ್ಟಿದವನು ಬೇಕಂತಲೇ ಹೀಗೆ ಕಟ್ಟಿದನಲ್ಲ ಅನ್ನೋದು ಇನ್ನೂ ಹೆದರಿಸುತ್ತೆ.

ಒಂದು ರಾತ್ರಿ, ಅವರು ಕರೆಸಿದ ನಾಯಕಿ ಎಲಿನರ್‌ಗೆ ಎಚ್ಚರ ಆಗುತ್ತೆ. ಕಗ್ಗತ್ತಲು. ಪಕ್ಕದ ಕೋಣೆಯಲ್ಲಿ ಯಾರೋ ಗೊಣಗ್ತಿದ್ದಾರೆ, ಆಮೇಲೆ ನಗು, ಆಮೇಲೆ ಮಗುವಿನ ಅಳು. ಭಯಕ್ಕೆ ಅವಳು ಗೆಳತಿ ಥಿಯೋಡೋರಾಳ ಕೈಯನ್ನ ಗಟ್ಟಿಯಾಗಿ ಹಿಡ್ಕೊಂಡಿದ್ದಾಳೆ, ಬೆರಳಿನ ಮೂಳೆಗಳು ಕೈಗೆ ಸಿಗೋ ಅಷ್ಟು ಗಟ್ಟಿ. ಮಗುವನ್ನ ಹಿಂಸೆ ಮಾಡೋದನ್ನ ಮಾತ್ರ ಸಹಿಸಲ್ಲ ಅಂತ ಜೀವ ಎಲ್ಲ ಒಟ್ಟು ಮಾಡಿ ಕೂಗ್ತಾಳೆ. ನೋಡಿದ್ರೆ ದೀಪ ಉರೀತಿದೆ. ಥಿಯೋಡೋರಾ ತನ್ನ ಹಾಸಿಗೆಯಲ್ಲಿ ಆಗಷ್ಟೇ ಎದ್ದು ಕೂತಿದ್ದಾಳೆ. ಹಾಗಾದ್ರೆ ಇಷ್ಟು ಹೊತ್ತು ಹಿಡ್ಕೊಂಡಿದ್ದ ಕೈ ಯಾರದ್ದು?

ನಮ್ಮ ಕಿವಿ ಎಲ್ಲ ಪಕ್ಕದ ಕೋಣೆ ಕಡೆ ಇತ್ತು, ಅಪಾಯ ಅಲ್ಲಿದೆ ಅಂದ್ಕೊಂಡಿದ್ವಿ. ಧೈರ್ಯ ಕೊಡ್ತಿದ್ದ ಕೈಯೇ ಅಪಾಯ ಆಗಿತ್ತು. ಆ ಕೈ ಅವಳಿಗೆ ಏನೂ ಕೇಡು ಮಾಡಲ್ಲ ಅನ್ನೋದೂ ಮುಖ್ಯ. ಎಲಿನರ್ ಹನ್ನೊಂದು ವರ್ಷ ಕಾಯಿಲೆ ತಾಯಿಯ ಸೇವೆ ಮಾಡಿದವಳು, ತನ್ನದು ಅನ್ನೋ ಮನೆ ಇಲ್ಲದವಳು. ಅವಳು ಬೇಕು ಅಂತ ಕೈ ಹಿಡಿದದ್ದು ಈ ಮನೆ ಒಂದೇ. ಅವಳಿಗೆ ಅಲ್ಲಿಂದ ಓಡಿಹೋಗೋ ಮನಸ್ಸೇ ಇಲ್ಲ!

ನನ್ನ ಪ್ರಕಾರ ಓದುಗರು ಎರಡಾಗೋ ಜಾಗ ಇದೇ. ಇವಳು ಪಾರಾಗ್ತಾಳಾ ಅಂತ ಕಾಯೋರು ಬಾಗಿಲ ಕಡೆ ನೋಡ್ತಾ ಕೂತಿರ್ತಾರೆ, ಬಾಗಿಲಿಂದ ಯಾರೂ ಬರಲ್ಲ, ಆದ್ದರಿಂದ ಏನೂ ಆಗಲಿಲ್ಲ. ಎಲಿನರ್‌ಳ ಮುಖ ನೋಡ್ತಾ ಕೂತವರಿಗೆ ಪುಟಪುಟಕ್ಕೂ ಏನೋ ಆಗ್ತಾನೇ ಇರುತ್ತೆ.

ನಿಧಾನ ಅನ್ನೋ ದೂರಿಗೂ ಒಂದು ಮಾತು. ಮಂಜು, ಮಳೆ, ಕಿರುಗುಟ್ಟೋ ಮೆಟ್ಟಿಲು ತುಂಬಿಸಿದ ಮಾತ್ರಕ್ಕೆ ವಾತಾವರಣ ಆಗಲ್ಲ. ಅದೇ ಜಾಗಕ್ಕೆ ಮತ್ತೆ ಬಂದಾಗ ಏನೋ ಒಂದು ಬದಲಾಗಿರಬೇಕು. 1892ರಲ್ಲಿ ಅಚ್ಚಾದ, ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ 'ದಿ ಯೆಲ್ಲೋ ವಾಲ್‌ಪೇಪರ್' ಸಣ್ಣಕಥೆ ನಡೆಯೋದು ಹೆಚ್ಚುಕಮ್ಮಿ ಒಂದೇ ಕೋಣೆಯಲ್ಲಿ, ಕಾಯಿಲೆಯ ಹೆಂಡತಿಯನ್ನ ಗಂಡ ವಿಶ್ರಾಂತಿಗೆ ಅಂತ ಇಟ್ಟ ಕೋಣೆ. ಒಂದೇ ಗೋಡೆ, ಒಂದೇ ಹಳದಿ ಕಾಗದ. ಮೊದಲು ಅಸಹ್ಯ, ಆಮೇಲೆ ವಿನ್ಯಾಸ, ಆಮೇಲೆ ವಿನ್ಯಾಸದ ಹಿಂದೆ ಅಲುಗಾಡೋ ಹೆಂಗಸು. ಗಿಲ್ಮನ್ ಅವರಿಗೇ ವೈದ್ಯರು ವಿಶ್ರಾಂತಿ ಚಿಕಿತ್ಸೆ ಅಂತ ಹೇಳಿ, ಬರವಣಿಗೆ ಮುಟ್ಟಬೇಡ ಅಂದಿದ್ದರು. ಅದರಿಂದ ತಾವು ಹುಚ್ಚಿನ ಅಂಚಿಗೆ ಹೋಗಿದ್ದನ್ನ 1913ರಲ್ಲಿ ಅವರೇ ಬರೆದಿದ್ದಾರೆ. ಮಾನಸಿಕ ಕಾಯಿಲೆಯನ್ನ ಕೊನೇ ಪುಟದ ಚಮತ್ಕಾರ ಮಾಡೋದು ಬೇಡ ಅಂತ ಓದುಗರು ದೂರ್ತಾರಲ್ಲ, ಅವರ ಪಕ್ಕ ನಾನೂ ನಿಲ್ತೀನಿ. ಗಿಲ್ಮನ್ ಕಥೆಯಲ್ಲಿ ಕಾಯಿಲೆಯವಳು ದೆವ್ವ ಅಲ್ಲ, ಅವಳನ್ನ ಕೋಣೆಯಲ್ಲಿ ಕೂಡಿಟ್ಟ ಪ್ರೀತಿಯೇ ಹೆದರಿಸೋದು.

ಸಮಯ ಮುಗೀತಾ ಬಂತು, ಉಳಿದದ್ದು ಒಟ್ಟಿಗೆ ಹೇಳ್ತೀನಿ. ದೆವ್ವ ಖಚಿತವಾಗಿ ಬೇಕು ಅನ್ನೋರು ಸೂಸನ್ ಹಿಲ್ ಅವರ 'ದಿ ವುಮನ್ ಇನ್ ಬ್ಲ್ಯಾಕ್', 1983, ಅಲ್ಲಿಂದ ಶುರು ಮಾಡಿ. ಮುಚ್ಚಿದ ಬಾಗಿಲ ಹಿಂದೆ ತೂಗು ಕುರ್ಚಿ ಆಡೋ ಸದ್ದು, ಬಾಗಿಲು ತೆರೆದ ಮೇಲೂ ಮರೆಯೋಕಾಗಲ್ಲ. ದೆವ್ವ, ಅನುಮಾನ ಎರಡೂ ಬೇಕು ಅನ್ನೋರಿಗೆ 1977ರ 'ದಿ ಶೈನಿಂಗ್'. ಕುಡಿತದ ಜೊತೆ ಹೋರಾಡ್ತಿರೋ ಅಪ್ಪನ ತಲೆ ಕೆಟ್ಟಿದೆಯಾ ಅಂತ ಅನುಮಾನ ಪಡ್ತಿರುವಾಗ, ಹೊರಗಿಂದ ಚಿಲಕ ಹಾಕಿದ ಉಗ್ರಾಣದ ಬಾಗಿಲನ್ನ ಯಾರೋ ತೆಗೀತಾರೆ. ಸ್ಟೀಫನ್ ಕಿಂಗ್ ಸಾಲ ತೀರಿಸ್ತಾರೆ. ದೆವ್ವವೇ ಬೇಡ ಅನ್ನೋರಿಗೆ ಡ್ಯಾಫ್ನೆ ಡು ಮೋರಿಯರ್ ಅವರ 'ರೆಬೆಕಾ', 1938. ಸತ್ತ ಮೊದಲ ಹೆಂಡತಿಯ ಹೆಸರು ಮನೆ ತುಂಬ, ಬದುಕಿರೋ ಎರಡನೆಯವಳ ಹೆಸರು ಕಾದಂಬರಿಯಲ್ಲಿ ಎಲ್ಲೂ ಇಲ್ಲ. 2000ದಲ್ಲಿ ಬಂದ 'ಹೌಸ್ ಆಫ್ ಲೀವ್ಸ್' ಓದೋಕೆ ತಾಳ್ಮೆ ಬೇಕು. ಅಲ್ಲಿ ಭಯ ಹುಟ್ಟೋದು ಅಳತೆ ಟೇಪಿನಿಂದ, ಮನೆ ಹೊರಗಿಂದ ಅಳೆದದ್ದಕ್ಕಿಂತ ಒಳಗೆ ಕಾಲು ಇಂಚು ದೊಡ್ಡದು. ಉಡಾಲ್ಫೋ ಹಿಡಿಯೋರು ಮಧ್ಯೆ ಮಧ್ಯೆ ಬರೋ ಪದ್ಯಗಳನ್ನ ಧಾರಾಳವಾಗಿ ಹಾರಿಸಿ.

ಮುಂದಿನ ವಿಡಿಯೋ ನಿಮ್ಮ ಉತ್ತರಗಳ ಮೇಲೆ. ಹೆನ್ರಿ ಜೇಮ್ಸ್ ಕಥೆಯ ಆ ಯುವತಿ ಕಂಡದ್ದು ಸತ್ತವರನ್ನೇನಾ, ಅಲ್ವಾ? ಬರೀ ಹೌದು, ಇಲ್ಲ ಅಂತ ಬರೀಬೇಡಿ. ಅವಳು ಕಂಡಿದ್ದು ನಿಜ ಅನ್ನೋರು ಕೆರೆ ದಡಕ್ಕೆ ಸಮಜಾಯಿಷಿ ಕೊಡಿ, ಭ್ರಮೆ ಅನ್ನೋರು ಆ ಕೆಂಪು ಕೂದಲಿಗೆ ಕೊಡಿ.