ಚೆಂಡು ಕೈಯಲ್ಲಿದ್ದರೂ ಹೆಸರಿನಲ್ಲಿ ಕಾಲು ಏಕೆ?

ನಮಸ್ಕಾರ. ಹುಲ್ಲಿನ ಮೇಲೆ ಸಾಲಾಗಿ ಕಾಣುತ್ತಿರುವ ಮೂರು ಚೆಂಡುಗಳಲ್ಲಿ ಒಂದು ಮಾತ್ರ ದುಂಡಗಿದೆ. ಉಳಿದೆರಡು ಮೊಟ್ಟೆಯಾಕಾರದವು, ಒಂದು ರಗ್ಬಿಯದು, ಇನ್ನೊಂದು ಅಮೆರಿಕನ್ ಫುಟ್‌ಬಾಲ್‌ನದು. ಚೆಂಡನ್ನು ಎದೆಗವಚಿಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರಿನ ಮೇಲೆ ಯಾವ ಹಕ್ಕೂ ಇಲ್ಲವೆಂದು ನಾನು ವರ್ಷಗಟ್ಟಲೆ ವಾದಿಸಿದ್ದೇನೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ.

ನಾವು ‘ಕಾಲ್ಚೆಂಡು’ ಎಂದು ಕನ್ನಡಿಸಿದ ಕೂಡಲೇ ಕಾಲಿನಿಂದ ಮಾತ್ರ ಆಡಬೇಕೆಂಬ ನಿಯಮವೇ ಹೆಸರಿನೊಳಗೆ ಅಡಗಿದೆಯೆಂದು ಭಾವಿಸಿಬಿಡುತ್ತೇವೆ. ಆದರೆ ಆ ಹೆಸರು ನಿಯಮಗಳಿಗಿಂತ ಬಹಳ ಹಳೆಯದು. ಲಂಡನ್ನಿನ ಮೇಯರ್ 1314ರಲ್ಲಿಯೇ ನಗರದ ಚೆಂಡಾಟದ ಗದ್ದಲವನ್ನು ನಿಷೇಧಿಸಿದ್ದರು. ಸ್ಕಾಟ್ಲೆಂಡಿನಲ್ಲಿ 1424ರಲ್ಲಿ ಫುಟ್‌ಬಾಲ್ ವಿರುದ್ಧವೇ ಕಾನೂನು ಬಂದಿತು. ಊರಿಗೆ ಊರೇ ಇಳಿಯುತ್ತಿದ್ದ ಅಂಥ ಆಟದ ಸ್ವರೂಪವನ್ನು ಇಂಗ್ಲೆಂಡಿನ ಆಶ್‌ಬೋರ್ನ್‌ನಲ್ಲಿ ಇಂದಿಗೂ ನೋಡಬಹುದು. ಅಲ್ಲಿ ಎರಡು ಗೋಲುಗಳ ನಡುವಿನ ಅಂತರ ಸುಮಾರು 5 ಕಿಲೋಮೀಟರ್, ಮತ್ತು ಚೆಂಡು ಹೆಚ್ಚಾಗಿ ಸಾಗುವುದು ಕಾಲುಗಳಿಂದಲ್ಲ, ಒಬ್ಬರನ್ನೊಬ್ಬರು ತಳ್ಳುವ ಜನಸಂದಣಿಯ ಕೈಗಳಲ್ಲಿ. ಕುದುರೆಯೇರದೆ ನೆಲದ ಮೇಲೆ ನಿಂತು ಆಡುತ್ತಿದ್ದುದರಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ನನಗೂ ಆ ವಿವರಣೆ ಇಷ್ಟವೇ, ಆದರೆ ಅದಕ್ಕೆ ದೃಢವಾದ ದಾಖಲೆ ದೊರೆತಿಲ್ಲವಾದ್ದರಿಂದ ಅದರ ಮೇಲೆ ವಾದವನ್ನು ಕಟ್ಟುವುದಿಲ್ಲ.

ಮುಂದೆ ಇಂಗ್ಲೆಂಡಿನ ಶಾಲೆಗಳು ತಮ್ಮ ತಮ್ಮ ರೀತಿಯಲ್ಲಿ ಇದೇ ಆಟವನ್ನು ಬೆಳೆಸಿದವು. ರಗ್ಬಿ ಶಾಲೆಯವರು 1845ರಲ್ಲಿ ನಿಯಮಗಳನ್ನು ಬರೆದಿಟ್ಟರು. 1863ರ ಅಕ್ಟೋಬರ್ 26ರಂದು ಲಂಡನ್ನಿನ ಒಂದು ಪಾನಗೃಹದಲ್ಲಿ ಸೇರಿದ ಕ್ಲಬ್‌ಗಳು ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿಸಿ ಎಲ್ಲರಿಗೂ ಒಂದೇ ನಿಯಮ ರೂಪಿಸಲು ಹೊರಟವು. ಚೆಂಡು ಹಿಡಿದು ಓಡುವುದನ್ನೂ ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದನ್ನೂ ನಿಷೇಧಿಸಿದಾಗ ಬ್ಲ್ಯಾಕ್‌ಹೀತ್ ಕ್ಲಬ್ ಸಂಘದಿಂದ ಹೊರನಡೆಯಿತು. ಆದರೆ ಆ ಮೊದಲ ನಿಯಮಗಳಲ್ಲಿಯೂ ಗಾಳಿಯಲ್ಲಿ ಬರುವ ಚೆಂಡನ್ನು ಕೈಯಿಂದ ಹಿಡಿಯಲು ಅನುಮತಿಯಿತ್ತು, ಹಾಗೆ ಹಿಡಿದವನಿಗೆ ಫ್ರೀ ಕಿಕ್ ಕೂಡ ಸಿಗುತ್ತಿತ್ತು! ಅಂದರೆ ಇಂದು ನಾವು ಶುದ್ಧವೆಂದು ಎತ್ತಿಹಿಡಿಯುವ ಆಟವೂ ಹುಟ್ಟುವಾಗ ಕೈಯನ್ನು ಪೂರ್ತಿ ಬಿಟ್ಟಿರಲಿಲ್ಲ.

ಈಗ ಕ್ಯಾಮೆರಾ ವಾಲಿರುವ ದೃಶ್ಯವನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಡ್ರಾಪ್ ಕಿಕ್ ಎಂದರೆ ಚೆಂಡನ್ನು ಕೈಬಿಟ್ಟು, ಅದು ನೆಲಕ್ಕೆ ತಾಗಿ ಮೇಲೇಳುವ ಕ್ಷಣದಲ್ಲಿಯೇ ಒದೆಯುವುದು. ರಗ್ಬಿ ಚೆಂಡಿನೊಂದಿಗೆ ಹತ್ತಾರು ಪ್ರಯತ್ನಗಳ ನಂತರ ಒಂದೆರಡು ನೇರವಾಗಿ ಹೋದವು. ಅಮೆರಿಕನ್ ಚೆಂಡು ಮಾತ್ರ ಪ್ರತಿ ಸಲವೂ ತನ್ನ ಚೂಪಾದ ತುದಿಯಿಂದ ಬೇರೆಯೇ ದಿಕ್ಕಿಗೆ ಪುಟಿಯಿತು, ಕೊನೆಗೆ ನನ್ನ ಪಾದಕ್ಕೆ ಓರೆಯಾಗಿ ತಗುಲಿ ಟ್ರೈಪಾಡ್‌ನ ಕಾಲಿಗೆ ಬಡಿದು ಕ್ಯಾಮೆರಾವನ್ನೇ ಉರುಳಿಸಿತು. ಅರ್ಧ ಗಂಟೆ ಹೀಗೆ ಕಳೆದದ್ದರಿಂದ ಬೇಸರವಾಯಿತಾದರೂ, ಆ ಚೂಪು ತುದಿಯ ಹಿಂದೆ ಒಂದು ಇತಿಹಾಸವಿದೆ. ಅಮೆರಿಕದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು 1906ರಲ್ಲಿ ಅನುಮತಿ ಸಿಕ್ಕ ಮೇಲೆ, ಎಸೆತಕ್ಕೆ ಅನುಕೂಲವಾಗಲೆಂದು ಚೆಂಡನ್ನು ಕ್ರಮೇಣ ತೆಳ್ಳಗೆ ಮಾಡಲಾಯಿತು. ಅದರೊಂದಿಗೆ ಡ್ರಾಪ್ ಕಿಕ್ ಬಹುತೇಕ ಮರೆಯಾಯಿತು. ನಿಯಮಪುಸ್ತಕದಲ್ಲಿ ಅದು ಉಳಿದೇ ಇದ್ದುದರಿಂದ 2006ರ ಜನವರಿ 1ರಂದು ಆಟಗಾರ ಡಗ್ ಫ್ಲೂಟಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಪಂದ್ಯವೊಂದರಲ್ಲಿ ಹಾಗೆ ಅಂಕ ಗಳಿಸಿದರು, ಮತ್ತು ಅಂಥದು ಆ ಲೀಗಿನಲ್ಲಿ 1941ರ ನಂತರ ಅದೇ ಮೊದಲು.

ಈ ಒದೆತವೇ ನನ್ನ ಅಭಿಪ್ರಾಯವನ್ನು ಬದಲಿಸಿತು. ರಗ್ಬಿಯಲ್ಲಿ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸುವುದನ್ನು ‘ಟ್ರೈ’, ಅಂದರೆ ಪ್ರಯತ್ನ, ಎನ್ನುವುದೇಕೆಂದರೆ ಆರಂಭದಲ್ಲಿ ಅದಕ್ಕೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯಲು ಒಂದು ಅವಕಾಶ ಮಾತ್ರ ಸಿಗುತ್ತಿತ್ತು, ಪಂದ್ಯ ನಿರ್ಧಾರವಾಗುತ್ತಿದ್ದುದು ಆ ಒದೆತದಿಂದ. ಅಮೆರಿಕದಲ್ಲಿಯೂ 1883ರ ಅಂಕಪದ್ಧತಿಯಲ್ಲಿ ಚೆಂಡನ್ನು ಗೆರೆಯಾಚೆ ಒಯ್ಯುವ ಟಚ್‌ಡೌನ್‌ಗೆ 2 ಅಂಕ, ಒದ್ದು ಗಳಿಸುವ ಫೀಲ್ಡ್ ಗೋಲ್‌ಗೆ 5 ಅಂಕ. ಕೈಯಿಂದ ಸಾಗಿಸಿದರೂ ಆಟವನ್ನು ಗೆಲ್ಲಿಸುತ್ತಿದ್ದುದು ಕಾಲೇ. ಹೀಗಿರುವಾಗ ಅವರ ಹೆಸರನ್ನು ಸುಳ್ಳೆನ್ನುವುದು ಅನ್ಯಾಯ.

ಇಂಗ್ಲೆಂಡಿನ ಸಂಘಕ್ಕಿಂತ ನಾಲ್ಕು ವರ್ಷ ಮೊದಲೇ, 1859ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನವರು ತಮ್ಮದೇ ಫುಟ್‌ಬಾಲ್ ನಿಯಮಗಳನ್ನು ಬರೆದುಕೊಂಡಿದ್ದರು. ಅವರಲ್ಲೊಬ್ಬರಾದ ಟಾಮ್ ವಿಲ್ಸ್ ರಗ್ಬಿ ಶಾಲೆಯಲ್ಲಿಯೇ ಓದಿದವರು. ಐರ್ಲೆಂಡಿನಲ್ಲಿ 1884ರಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾಸಂಘ ಮರುವರ್ಷ, ಕೈ ಕಾಲು ಎರಡನ್ನೂ ಬಳಸುವ ಗೇಲಿಕ್ ಫುಟ್‌ಬಾಲ್‌ಗೆ ನಿಯಮ ನೀಡಿತು. ಹೀಗೆ ಪ್ರತಿಯೊಂದು ಆಟಕ್ಕೂ ಉದ್ದದ ಪೂರ್ಣ ಹೆಸರಿತ್ತು, ಪ್ರತಿಯೊಂದು ಊರೂ ತನ್ನಲ್ಲಿ ಹೆಚ್ಚು ಆಡುತ್ತಿದ್ದ ಬಗೆಯನ್ನು ಚಿಕ್ಕದಾಗಿ ಫುಟ್‌ಬಾಲ್ ಎಂದಿತು.

ನನಗೆ ನಿಜವಾಗಿ ಕಿರಿಕಿರಿಯೆನಿಸುವುದು ‘ಸಾಕರ್’ ಎಂಬುದು ಅಮೆರಿಕನ್ನರು ಕಟ್ಟಿದ ಪದವೆಂಬ ಆರೋಪ. ದುಂಡು ಚೆಂಡಿನ ಆಟದ ಪೂರ್ಣ ಹೆಸರಾದ ಅಸೋಸಿಯೇಷನ್ ಫುಟ್‌ಬಾಲ್‌ನಲ್ಲಿ ಅಸೋಸಿಯೇಷನ್ ಎಂಬುದನ್ನು ಕತ್ತರಿಸಿ ಸಾಕರ್ ಎಂದೂ ರಗ್ಬಿಯನ್ನು ರಗ್ಗರ್ ಎಂದೂ ಕರೆದವರು ಇಂಗ್ಲೆಂಡಿನ ವಿದ್ಯಾರ್ಥಿಗಳು. ಅಮೆರಿಕದ ಸಂಘ 1913ರಲ್ಲಿ ಆರಂಭವಾದಾಗ ಅದರ ಹೆಸರಿನಲ್ಲಿದ್ದುದು ಫುಟ್‌ಬಾಲ್ ಮಾತ್ರ. 1945ರಲ್ಲಿ ಸಾಕರ್ ಎಂಬುದೂ ಸೇರಿತು, 1974ರಲ್ಲಿಯಷ್ಟೇ ಫುಟ್‌ಬಾಲ್ ಎಂಬ ಪದ ಹೊರಹೋಯಿತು. ಬೆಳಕು ಇಳಿಯುತ್ತಿರುವುದರಿಂದ ಚಿತ್ರೀಕರಣವನ್ನು ಇಲ್ಲಿಗೆ ನಿಲ್ಲಿಸಿ, ಉಳಿದ ಬ್ಯಾಟರಿ ಮುಗಿಯುವ ಮೊದಲು ಚೂಪು ಚೆಂಡನ್ನು ಇನ್ನೊಮ್ಮೆ ಒದೆಯಲು ಹೋಗುತ್ತಿದ್ದೇನೆ.