ಡೋಲಕ್ ಜಾಗದಲ್ಲಿ ಶಿಳ್ಳೆ ಹೊಡೆದ ಮಿಡಿ ಫೈಲ್

ಕೇಳಿಸಿತಾ ಆ ಶಿಳ್ಳೆ? ಅದು ಕುಕ್ಕರ್ ಅಲ್ಲ. ಒಳಗಿಂದ ಅಮ್ಮ "ಎಷ್ಟು ಸಲ ಕೂಗಿತೋ, ಗ್ಯಾಸ್ ಆರಿಸು" ಅಂದದ್ದೂ ರೆಕಾರ್ಡ್ ಆಗಿದೆ, ಇರಲಿ ಬಿಡಿ, ತೆಗೆಯಲ್ಲ. ಆ ಶಿಳ್ಳೆ ಬಂದದ್ದು ಮೊನ್ನೆ ರಾತ್ರಿ ನಾನು ದುಡ್ಡು ಕೊಟ್ಟು ಇಳಿಸಿಕೊಂಡ, ಕೀಬೋರ್ಡ್ ತಾನೇ ನುಡಿಸಲಿ ಅಂತ ಹಾಡನ್ನು ಬರೆದಿಟ್ಟ ಮಿಡಿ ಫೈಲ್‌ನಿಂದ. ಹಾಡು ದಾದ್ರಾದಲ್ಲಿದೆ, ಆರು ಮಾತ್ರೆಯ ತಾಳ. ಡೋಲಕ್ ಬರಬೇಕಾದ ಜಾಗದಲ್ಲಿ ಯಾರೋ ರೆಫರಿ ನಿಂತು ಪೀಪಿ ಊದುತ್ತಿದ್ದಾನೆ.

ನಮಸ್ಕಾರ, ಡೊಂಬಿವಲಿಯಿಂದ. ಕಿಟಕಿಯಾಚೆ ಲೋಕಲ್ ಹೋಗುವ ಸದ್ದು ನಡುನಡುವೆ ಬರುತ್ತದೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ವಿಷಯ ಇಷ್ಟು. ಬರುವ ಭಾನುವಾರ ಮಾಟುಂಗದಲ್ಲಿ ನಮ್ಮ ಕನ್ನಡದವರದ್ದೇ ಒಂದು ಸಣ್ಣ ಕಾರ್ಯಕ್ರಮ. ಹಾಡುವ ಅಕ್ಕ ಒಂದು ಹಳೆಯ ಕಪ್ಪು-ಬಿಳುಪು ಕಾಲದ ಸಿನಿಮಾ ಹಾಡು ಆರಿಸಿದ್ದಾರೆ. ಯಾವ ಹಾಡು ಅಂತ ಹೇಳುವುದಿಲ್ಲ, ಹೇಳಿದರೆ ನುಡಿಸಿ ತೋರಿಸಿ ಅಂತೀರಿ, ನುಡಿಸಿದರೆ ಈ ವಿಡಿಯೊ ಮೇಲೆ ಕಾಪಿರೈಟ್ ಕ್ಲೇಮ್ ಬಂದು ಕೂರುತ್ತದೆ. ನಮಗೆ ಯಾವಾಗಲೂ ಡೋಲಕ್ ನುಡಿಸುವ ಭಾವು ಕಲ್ಯಾಣದವರು, ಮರಾಠಿಯವರು. ಆ ದಿನ ಅವರಿಗೆ ಬೇರೆ ಕಡೆ ಸುಪಾರಿ ಇದೆ. ಗಾಬರಿ ಆಗಬೇಡಿ, ಇಲ್ಲಿನ ಆರ್ಕೆಸ್ಟ್ರಾದವರ ಬಾಯಲ್ಲಿ ಸುಪಾರಿ ಅಂದರೆ ಕಾರ್ಯಕ್ರಮದ ಬುಕಿಂಗ್. ಹಾಗಾಗಿ ಡೋಲಕ್, ಬೇಸ್, ಪಿಟೀಲು ಎಲ್ಲ ನನ್ನ ಕೀಬೋರ್ಡ್ ತಲೆ ಮೇಲೆ. ನನ್ನದು ಯಮಾಹಾ ಅರೇಂಜರ್, ಅಂದರೆ ಹಿನ್ನೆಲೆ ವಾದ್ಯಗಳನ್ನು ತಾನೇ ನುಡಿಸುವ ಕೀಬೋರ್ಡ್, ಅದಕ್ಕೆ ಭಾರತೀಯ ವಾದ್ಯಗಳ ಪ್ಯಾಕ್ ಬೇರೆ ಹಾಕಿಕೊಂಡಿದ್ದೇನೆ.

ಮೊದಲು ಹುಡುಕಾಟದ ಕಥೆ. ಹಳೆಯ ಹಿಂದಿ ಹಾಡಿನ ಮಿಡಿ ಬೇಕಾದರೆ ಹತ್ತು ಕಡೆ ಸಿಗುತ್ತದೆ. ಕನ್ನಡದ್ದು ಹುಡುಕಿ ನೋಡಿ, ಬೆವರು ಇಳಿಯುತ್ತದೆ. ಸಿಕ್ಕಿದ್ದರಲ್ಲೂ ಜಾಸ್ತಿ ಯಾರೋ ಆರ್ಕೆಸ್ಟ್ರಾದ ಕೀಬೋರ್ಡ್‌ನವರು ತಮ್ಮ ಸ್ವಂತ ಕೀಬೋರ್ಡ್‌ಗೆ ಅಂತ ಮಾಡಿಕೊಂಡದ್ದು. ಪೆನ್‌ಡ್ರೈವ್ ತುಂಬ ಹಾಡು ತುಂಬಿಸಿ ಅಗ್ಗಕ್ಕೆ ಮಾರುವವರೂ ಇದ್ದಾರೆ, ಅದರ ಸಹವಾಸ ಬೇಡ. ಯಾರೋ ರಾತ್ರಿಯಿಡೀ ಕೂತು ಕಿವಿಯಿಂದ ಬಿಡಿಸಿದ ಕೆಲಸ ಅದು, ಮಾಡಿದವರಿಗೆ ಒಂದು ಪೈಸೆ ಹೋಗುವುದಿಲ್ಲ. ಇನ್ನೊಂದು ದಾರಿ, ಆಡಿಯೊ ಕೊಟ್ಟರೆ ಮಿಡಿ ಮಾಡಿಕೊಡುವ ಸಾಫ್ಟ್‌ವೇರ್. ಸ್ಪಾಟಿಫೈಯವರು 2022ರಲ್ಲಿ ಬೇಸಿಕ್ ಪಿಚ್ ಅಂತ ಒಂದನ್ನು ಪುಕ್ಕಟೆ ಬಿಟ್ಟರು. ಒಂದೇ ವಾದ್ಯ ಕೊಟ್ಟರೆ, ಉದಾಹರಣೆಗೆ ಬರೀ ಕೊಳಲು, ಪರವಾಗಿಲ್ಲ ಅನ್ನುವಂತೆ ಬಿಡಿಸುತ್ತದೆ. ಇಡೀ ಹಾಡು ಸುರಿದರೆ ಗಾಯಕಿ, ಪಿಟೀಲು, ತಬಲಾ ಎಲ್ಲ ಕಲಸಿ ಸ್ವರಗಳ ಉಪ್ಪಿಟ್ಟು.

ಹಾಗಾಗಿ ಕೊಂಡೆ. ಕೊಳ್ಳುವ ಮೊದಲು ಕೇಳಬೇಕಾದ ಒಂದೇ ಪ್ರಶ್ನೆ ಕೇಳಲಿಲ್ಲ: ಇದನ್ನು ಯಾವ ಕೀಬೋರ್ಡ್‌ನಲ್ಲಿ ಮಾಡಿದ್ದು?

ಯಾಕೆ ಕೇಳಬೇಕು ಅಂದರೆ, ಮಿಡಿ ಫೈಲ್ ಒಳಗೆ ಸದ್ದೇ ಇಲ್ಲ. ಈ ಫೈಲ್ 38 ಕೆಬಿ, ಅಷ್ಟೇ. ಯಾವ ಮನೆ (ಅಂದರೆ ಕೀ) ಒತ್ತು, ಎಷ್ಟು ಜೋರಾಗಿ ಒತ್ತು, ಯಾವಾಗ ಕೈ ಬಿಡು, ಇಷ್ಟೇ ಅದರಲ್ಲಿ ಬರೆದಿರುವುದು. ಸದ್ದು ಕೊಡುವುದು ನಮ್ಮ ಕೀಬೋರ್ಡ್. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಅನ್ನುವ ವಾದ್ಯಗಳ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಂಥಸೈಜರ್‌ಗಳನ್ನು ಕೇಬಲ್‌ನಲ್ಲಿ ಜೋಡಿಸಿ ತೋರಿಸಿದರು, ಒಂದು ಪ್ರಾಫೆಟ್-600, ಇನ್ನೊಂದು ರೋಲಂಡ್ ಜುಪಿಟರ್-6. ಒಂದರಲ್ಲಿ ಒತ್ತಿದರೆ ಇನ್ನೊಂದು ನುಡಿಯಿತು. ಆದರೆ ಒಂದರ ಪಿಯಾನೊ ನಂಬರ್ ಇನ್ನೊಂದರಲ್ಲಿ ತುತ್ತೂರಿ ಆಗಬಹುದಿತ್ತು. ಅದಕ್ಕೆ 1991ರಲ್ಲಿ ಜನರಲ್ ಮಿಡಿ ಅಂತ ಎಲ್ಲರೂ ಒಪ್ಪಿದ ಒಂದು ಪಟ್ಟಿ ಬಂತು, 128 ವಾದ್ಯ, ತಾಳವಾದ್ಯಕ್ಕೆ 10ನೇ ಚಾನಲ್.

ನಮ್ಮ ಗೋಳು ಶುರುವಾಗುವುದು ಇಲ್ಲೇ. ಆ ಪಟ್ಟಿಯಲ್ಲಿ 105ಕ್ಕೆ ಸಿತಾರ್ ಇದೆ, 112ಕ್ಕೆ ಶಹನಾಯಿ ಇದೆ. ತಾಳವಾದ್ಯದ 47 ಸದ್ದುಗಳಲ್ಲಿ ಬಾಂಗೊ, ಕಾಂಗಾ, ಏನೇನೋ ಇವೆ, ತಬಲಾ ಇಲ್ಲ, ಡೋಲಕ್ ಇಲ್ಲ. ಹಾಗಾಗಿ ಒಂದೊಂದು ಕಂಪನಿ ತನ್ನ ಡೋಲಕ್ಕನ್ನು ತನಗೆ ಕಂಡ ಮನೆಯಲ್ಲಿ ಇಟ್ಟಿದೆ. ಈ ಫೈಲ್ ಮಾಡಿದವರ ಕೀಬೋರ್ಡ್‌ನಲ್ಲಿ ಡೋಲಕ್‌ನ ಎರಡು ಬಡಿತ 71 ಮತ್ತು 72ನೇ ನೋಟ್‌ನಲ್ಲಿ ಕೂತಿವೆ. ಜನರಲ್ ಮಿಡಿಯಲ್ಲಿ 71 ಗಿಡ್ಡ ಶಿಳ್ಳೆ, 72 ಉದ್ದ ಶಿಳ್ಳೆ. ಅರ್ಥವಾಯಿತಲ್ಲ?

ನನಗೆ ಮಾತ್ರ ತಕ್ಷಣ ಅರ್ಥ ಆಗಲಿಲ್ಲ. ಮೊದಲು ಶ್ರುತಿ ಸರಿ ಮಾಡೋಣ ಅಂತ ಹೊರಟೆ. ಅಕ್ಕ ಕರ್ನಾಟಕ ಸಂಗೀತ ಕಲಿತವರು, "ನಂದು ಐದೂವರೆ ಮನೆ" ಅಂತಾರೆ. ಭಾವು ಅದನ್ನೇ "ಕಾಳಿ ಚಾರ್" ಅಂತಾರೆ, ನಾಲ್ಕನೇ ಕಪ್ಪು ಮನೆ. ಎರಡೂ ಒಂದೇ, ಜಿ ಶಾರ್ಪ್. ಮುಂಚೆ ಇವರಿಬ್ಬರ ನಡುವೆ ಅನುವಾದ ಮಾಡುವುದೇ ನನ್ನ ಅರ್ಧ ಕೆಲಸವಾಗಿತ್ತು. ಫೈಲ್ ಇದ್ದದ್ದು ಸಿ, ಅಂದರೆ ಒಂದನೇ ಮನೆಯಲ್ಲಿ. ಕಂಪ್ಯೂಟರ್‌ನಲ್ಲಿ ರೀಪರ್ ಅನ್ನುವ ಸಾಫ್ಟ್‌ವೇರ್ ತೆಗೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ ನಾಲ್ಕು ಸೆಮಿಟೋನ್ ಕೆಳಗೆ ಇಳಿಸಿದೆ, ಪ್ಲೇ ಒತ್ತಿದೆ. ಶಿಳ್ಳೆ ಹೋಗಿತ್ತು! ಅದರ ಬದಲು ಟಣ್ ಟಣ್ ಅಂತ ಗಂಟೆ. ಒಳಗಿಂದ ಅಮ್ಮ, "ಏನೋ, ಈ ಹೊತ್ತಲ್ಲಿ ಮಂಗಳಾರತಿನಾ?"

ಆಗ ಹೊಳೆಯಿತು. 72ರಲ್ಲಿ ನಾಲ್ಕು ಕಳೆದರೆ 68, 71ರಲ್ಲಿ ಕಳೆದರೆ 67, ಅವೆರಡೂ ಅಗೊಗೊ ಅನ್ನುವ ಜೋಡಿ ಗಂಟೆ. ಶ್ರುತಿ ಬದಲಿಸುವಾಗ 10ನೇ ಚಾನಲ್ ಮುಟ್ಟಲೇಬಾರದು. ಅಲ್ಲಿ ಪ್ರತಿ ಮನೆಯೂ ಬೇರೆ ವಾದ್ಯ, ಮೇಲೆ ಕೆಳಗೆ ಮಾಡಿದರೆ ಸ್ವರ ಬದಲಾಗುವುದಿಲ್ಲ, ವಾದ್ಯವೇ ಬದಲಾಗುತ್ತದೆ. ಕೀಬೋರ್ಡ್‌ನಲ್ಲಿರುವ ಟ್ರಾನ್ಸ್‌ಪೋಸ್ ಬಟನ್‌ಗೆ ಈ ಬುದ್ಧಿ ಇದೆ, ಡ್ರಮ್ಸ್ ಬಿಟ್ಟು ಉಳಿದದ್ದನ್ನು ಎತ್ತುತ್ತದೆ. ಕಂಪ್ಯೂಟರ್‌ನಲ್ಲಿ ಆ ಬುದ್ಧಿ ನಮಗೇ ಇರಬೇಕು.

ಈಗ ಕಾಣ್ತಿದೆಯಲ್ಲ ಈ ನೋಟ್‌ಬುಕ್, ಸಾಂಬಾರ್ ಕಲೆ ಇರುವುದು, ಇದು ನನ್ನ ಆಸ್ತಿ. ನನ್ನ ಡೋಲಕ್ ಕಿಟ್‌ನ ಒಂದೊಂದು ಮನೆ ಒತ್ತಿ, ಕೇಳಿ, ನೋಟ್ ನಂಬರ್ ಮುಂದೆ ಬರೆದಿದ್ದೇನೆ: ಇದು ಬಲಗೈ ಚಾಟಿ, ಇದು ಎಡಗೈ ಗುಂಯ್, ಇದು ಬೆರಳ ತುದಿ. ಒಂದು ಮಧ್ಯಾಹ್ನದ ಕೆಲಸ, ಒಮ್ಮೆ ಮಾಡಿದರೆ ಪ್ರತಿ ಹಾಡಿಗೂ ಬರುತ್ತದೆ. ಆಮೇಲೆ ಫೈಲ್‌ನ 71ನ್ನೆಲ್ಲ ನನ್ನ ಚಾಟಿಯ ನಂಬರ್‌ಗೆ, 72ನ್ನು ಗುಂಯ್‌ಗೆ ಎತ್ತಿ ಇಟ್ಟೆ. ಕಿಟ್ ಕರೆಯುವುದಕ್ಕೆ ಹಾಡಿನ ಶುರುವಿನಲ್ಲಿ ಬ್ಯಾಂಕ್‌ನ (ಸದ್ದುಗಳ ಗುಂಪಿನ) ಎರಡು ಸಂಖ್ಯೆ, ಕಂಟ್ರೋಲರ್ 0 ಮತ್ತು 32, ಅದರ ನಂತರ ಪ್ರೋಗ್ರಾಂ ನಂಬರ್, ಇದೇ ಕ್ರಮದಲ್ಲಿ ಬರೆಯಬೇಕು. ಈ ಸಂಖ್ಯೆಗಳು ಕೀಬೋರ್ಡ್‌ನ ಡೇಟಾ ಲಿಸ್ಟ್ ಪಿಡಿಎಫ್‌ನಲ್ಲಿ ಸಿಗುತ್ತವೆ, ಪ್ಯಾಕ್‌ನದ್ದಾದರೆ ಪ್ಯಾಕ್ ಜೊತೆ ಬರುವ ಪಟ್ಟಿಯಲ್ಲಿ. ಒಂದು ಎಡವಟ್ಟು ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಪ್ರೋಗ್ರಾಂ ಎಣಿಕೆ 1ರಿಂದ, ಕೆಲವು ಸಾಫ್ಟ್‌ವೇರ್‌ನಲ್ಲಿ 0ಯಿಂದ. ಪಕ್ಕದ ಮನೆಯ ವಾದ್ಯ ಬಂದು ಕೂತರೆ ಒಂದು ಕಳೆಯಿರಿ, ಅಷ್ಟೇ. ಇನ್ನೊಂದು, ಇದೆಲ್ಲ ಓದಿಕೊಳ್ಳಲು ಕೀಬೋರ್ಡ್‌ಗೆ ಉಸಿರು ಬೇಕು. ಮೊದಲು ಒಂದು ಖಾಲಿ ಆವರ್ತ ಬಿಟ್ಟು ಅಲ್ಲಿ ಬರೆಯಿರಿ, ಇಲ್ಲದಿದ್ದರೆ ಹಾಡಿನ ಮೊದಲ ಪೆಟ್ಟು ಪಿಯಾನೊದಲ್ಲೋ ಇನ್ನೇನರಲ್ಲೋ ಬೀಳುತ್ತದೆ.

ಡೋಲಕ್ ಬಂತು. ಖುಷಿಯಲ್ಲಿ ಭಾವುಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ: "ಹೇ ಮಶೀನ್ ಆಹೆ." ಇದು ಮಶೀನು ಅಂತ. ನಿಜ ಹೇಳಬೇಕೆಂದರೆ ಬೇಜಾರಾಯಿತು. ತೆರೆದು ನೋಡಿದರೆ ಪ್ರತಿ ಬಡಿತದ ವೆಲಾಸಿಟಿ 100, ಅಂದರೆ ಎಲ್ಲ ಪೆಟ್ಟೂ ಒಂದೇ ಜೋರು. ಯಾವ ಮನುಷ್ಯನ ಕೈ ಹಾಗೆ ಬಡಿಯುತ್ತದೆ ಹೇಳಿ? ಫೋನ್ ಮಾಡಿದೆ. ಅವರು ಊಟದ ತಟ್ಟೆ ಮುಂದೆ ಕೂತೇ ಮೇಜು ಬಡಿದು ತೋರಿಸಿದರು, ಆರು ಮಾತ್ರೆಯಲ್ಲಿ ಮೊದಲನೆಯದು ಗಟ್ಟಿ, ನಾಲ್ಕನೆಯದು ಅರೆ, ನಡುವಿನವು ಕಿವಿಗೆ ಬಿದ್ದೂ ಬೀಳದ ಹಾಗೆ. ಅದನ್ನು ಕೇಳಿಕೊಂಡು ಮೊದಲನೆಯದಕ್ಕೆ 110, ನಾಲ್ಕಕ್ಕೆ 80ರ ಆಸುಪಾಸು, ಉಳಿದವಕ್ಕೆ 45ರಿಂದ 60 ಕೊಟ್ಟೆ, ಎರಡೆರಡು ಆವರ್ತಕ್ಕೆ ಕೈಯಾರೆ ಸ್ವಲ್ಪ ಹೆಚ್ಚುಕಡಿಮೆ ಮಾಡಿದೆ. ಎಲ್ಲ ಪೆಟ್ಟನ್ನೂ ಲೆಕ್ಕದ ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸ್ ಒತ್ತುವ ಆಸೆ ಆಗುತ್ತದೆ, ಪೂರ್ತಿ ಒತ್ತಬೇಡಿ. ದಾದ್ರಾದ ತೂಗಾಟ ಇರುವುದೇ ಆ ಚೂರುಪಾರು ಹಿಂದೆಮುಂದೆಯಲ್ಲಿ, ಎಲ್ಲವನ್ನೂ ಗೆರೆಗೆ ಕೂರಿಸಿದರೆ ಪೊಲೀಸ್ ಕವಾಯತು. ನಾನು ಅರ್ಧಕ್ಕಷ್ಟೇ ಎಳೆದೆ.

ಬೇಸ್‌ನದ್ದು ಬೇರೆ ತರಲೆ. ಮಿಕ್ಸರ್‌ನಲ್ಲಿ ಇಳಿಸಿದರೆ ಪಲ್ಲವಿ ಮುಗಿಯುವ ಹೊತ್ತಿಗೆ ಯಾರೋ ಕೈ ಹಾಕಿದ ಹಾಗೆ ಮತ್ತೆ ಮೇಲಕ್ಕೆ. ಫೈಲ್ ಒಳಗೇ 7ನೇ ಕಂಟ್ರೋಲರ್, ಅದು ವಾಲ್ಯೂಮ್, ನಡುನಡುವೆ ಬರೆದಿಟ್ಟಿತ್ತು. ಶುರುವಿನದ್ದೊಂದು ಬಿಟ್ಟು ಉಳಿದದ್ದೆಲ್ಲ ಅಳಿಸಿದೆ. 11ನೇ ಕಂಟ್ರೋಲರ್ ಮುಟ್ಟಲಿಲ್ಲ, ಪಿಟೀಲು ನಿಧಾನಕ್ಕೆ ಉಬ್ಬಿ ಇಳಿಯುವುದು ಅದರಿಂದಲೇ. ಹಾಡುವವರ ಟ್ರ್ಯಾಕ್ ಅಳಿಸದೆ ಮ್ಯೂಟ್ ಮಾಡಿಟ್ಟೆ, ಅಭ್ಯಾಸಕ್ಕೆ ಬೇಕಾಗುತ್ತದೆ. ಹಿಂದೆ ತುಂಬಿಸಿದ್ದ ಎರಡು ಪ್ಯಾಡ್, ಒಂದು ಗಿಟಾರ್, ಒಂದು ಬೆಲ್ ಎಲ್ಲ ತೆಗೆದುಹಾಕಿದೆ. ಆ ಕಾಲದ ಹಾಡಿಗೆ ಇಷ್ಟೆಲ್ಲ ಯಾಕೆ ತುರುಕುತ್ತಾರೋ.

ಎಲ್ಲಕ್ಕಿಂತ ದೊಡ್ಡ ತಲೆನೋವು ಅಕ್ಕನೇ. ಅಂದರೆ, ತಪ್ಪು ತಿಳಿಯಬೇಡಿ, ಅವರು ಹಾಡುವ ರೀತಿ. ಸಭೆ ತಲೆದೂಗಿದರೆ ಪಲ್ಲವಿಯನ್ನು ಎರಡರ ಬದಲು ನಾಲ್ಕು ಸಲ ಹಾಡುತ್ತಾರೆ. ಕೀಬೋರ್ಡ್ ಒಳಗಿನ ಸಿದ್ಧ ಹಿನ್ನೆಲೆ, ಅಂದರೆ ಸ್ಟೈಲ್, ಆದರೆ ಕಾರ್ಡ್ ಹಿಡಿದುಕೊಂಡು ಎಷ್ಟು ಹೊತ್ತಾದರೂ ಕಾಯಬಹುದು. ಮಿಡಿ ಕಾಯುವುದಿಲ್ಲ, ಅದರ ಪಾಡಿಗೆ ಚರಣಕ್ಕೆ ಹೊರಟುಬಿಡುತ್ತದೆ. ಅದಕ್ಕೆ ಪಲ್ಲವಿಯ ಎರಡೂ ತುದಿಗೆ ಮಾರ್ಕರ್ ಇಟ್ಟು ಲೂಪ್ ಮಾಡಲು ಹೋದೆ, ಪ್ರತಿ ಸಲ ಅರ್ಧಂಬರ್ಧ ಜಾಗದಲ್ಲಿ ಕತ್ತರಿಸುತ್ತಿತ್ತು. ಕಾರಣ ಸಿಗಲು ಒಂದು ಗಂಟೆ ಬೇಕಾಯಿತು. ಫೈಲ್ ಮಾಡಿದವರು ಇಡೀ ಹಾಡನ್ನು 4/4 ಅಂತ ಗುರುತು ಹಾಕಿದ್ದರು. ಕೇಳುವುದಕ್ಕೆ ಏನೂ ವ್ಯತ್ಯಾಸ ಇಲ್ಲ, ಆದರೆ ಗೆರೆಗಳೆಲ್ಲ ತಪ್ಪು ಜಾಗದಲ್ಲಿ. ಒಂದು ಬೀಟ್‌ಗೆ 480 ಟಿಕ್ (ಫೈಲ್ ಕಾಲ ಎಣಿಸುವ ಅತಿ ಸಣ್ಣ ತುಣುಕು) ಇರುವ ಫೈಲ್‌ನಲ್ಲಿ 4/4ರ ಒಂದು ಆವರ್ತ 1920 ಟಿಕ್, ನಮ್ಮ ಆರು ಮಾತ್ರೆ 6/8ರಲ್ಲಿ, ಮಾತ್ರೆಗೆ ಅರ್ಧ ಬೀಟ್‌ನಂತೆ, 1440. ಗುರುತು ಬದಲಿಸಿ, ಎಡುಪು, ಅಂದರೆ ಹಾಡು ತಾಳದಲ್ಲಿ ಶುರುವಾಗುವ ಜಾಗ, ಎಲ್ಲಿ ಬೀಳುತ್ತದೆ ಅಂತ ನೋಡಿ ಹಾಡನ್ನು ಸ್ವಲ್ಪ ಸರಿಸಿದೆ. ಮಾರ್ಕರ್ ಟಕ್ ಅಂತ ಕೂತಿತು.

ಬುಧವಾರ ಅಭ್ಯಾಸಕ್ಕೆ ಕೀಬೋರ್ಡ್ ಹೊತ್ತು ಸ್ಲೋ ಲೋಕಲ್‌ನ ಲಗೇಜ್ ಡಬ್ಬಿ ಹತ್ತಿದೆ, ಪಕ್ಕದಲ್ಲಿ ಮೀನಿನ ಬುಟ್ಟಿ. ಮಾಟುಂಗದಲ್ಲಿ ಅಕ್ಕ ಪಲ್ಲವಿ ಐದು ಸಲ ಹಾಡಿದರು, ಬೇಕಂತಲೇ, ಕಣ್ಣು ನನ್ನ ಮೇಲೆ ಇಟ್ಟುಕೊಂಡು. ಆರನೆಯದಕ್ಕೆ ಕೈ ಎತ್ತಿದರು, ಲೂಪ್ ಬಿಟ್ಟೆ, ಪಿಟೀಲು ಬಂತು. "ಟೆಂಪೊ ಒಂದು ಚೂರು ಇಳಿಸಪ್ಪ, ನಂಗೆ ವಯಸ್ಸಾಯ್ತು" ಅಂದರು. 104 ಇದ್ದದ್ದು 98 ಆಯಿತು.

ಹಾಡು ಹಾಕುವ ಹಾಗಿಲ್ಲ ಅಂತ ಮೊದಲೇ ಹೇಳಿದೆನಲ್ಲ. ಬರೀ 10ನೇ ಚಾನಲ್ ಬಿಡುತ್ತೇನೆ, ಎಂಟು ಆವರ್ತ. ಮೊದಲ ನಾಲ್ಕು ಕೊಂಡಾಗ ಇದ್ದ ಹಾಗೆ, ಆಮೇಲಿನ ನಾಲ್ಕು ಈಗಿನದು. ಅಮ್ಮಾ, ಶುರುವಿನದು ಕುಕ್ಕರ್ ಅಲ್ಲ!